ಬೋರ್ಡು ಓದುವ ಚಷ್ಮಾ

ಖಾನಾಪುರದಿಂದ ನಂದಗಡದ ಮೇಲೆ ಹಲಸಿಗೆ ಹೋಗುವಾಗ ಬಸ್ಸಿನ ಕಿಟಕಿಗೆ ಕೂತಿದ್ದ ನಮ್ಮ ವಿದ್ಯಾರ್ಥಿಯೊಬ್ಬ ಹೊಸ ಚಷ್ಮಾ ಹಾಕಿಕೊಂಡಿದ್ದ. ದಪ್ಪ ಕರಿ ಚೌಕಟ್ಟು, ಅದರ ಮೂಲೆಯಲ್ಲಿ ಗುಲಗಂಜಿಯಷ್ಟು ಕ್ಯಾಮೆರಾ. ದುಬೈಯಲ್ಲಿರುವ ಮಾವ ತಂದುಕೊಟ್ಟದ್ದಂತೆ. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಅದಕ್ಕೆ ಕಣ್ಣಿದೆ, ಕಿವಿಯಿದೆ, ಬಾಯಿಯೂ ಇದೆ. ಎದುರಿಗಿರುವುದೇನು ಎಂದು ಕೇಳಿದರೆ ಕಿವಿಯ ಹತ್ತಿರ ಪಿಸುಗುಡುತ್ತದೆ.

ಹಲಸಿಯ ಭೂವರಾಹ ನರಸಿಂಹ ಗುಡಿಯ ಮುಂದೆ ನಿಂತು ಆತ ಕೇಳಿದ. ಇದು ದಕ್ಷಿಣ ಭಾರತದ ಶೈಲಿಯ ಪ್ರಾಚೀನ ಹಿಂದೂ ದೇವಾಲಯವಿರಬಹುದು ಎಂದು ಅದು ಇಂಗ್ಲಿಷಿನಲ್ಲಿ ಹೇಳಿತು. ಶಾಸನದ ಕಲ್ಲನ್ನು ತೋರಿಸಿದಾಗ ಅಲಂಕಾರದ ಕೆತ್ತನೆ ಎಂದಿತು. ಹುಡುಗರು ನಕ್ಕರು. ನನಗೂ ನಗು ಬಂತು, ಆದರೆ ಅದರಲ್ಲಿ ನೆಮ್ಮದಿಯ ಪಾಲು ಹೆಚ್ಚಿತ್ತು ಎಂದು ಒಪ್ಪಿಕೊಳ್ಳಬೇಕು. ಯಂತ್ರ ತಪ್ಪಿದಾಗ ಮೇಷ್ಟರಿಗೆ ಆಗುವ ಸಣ್ಣತನದ ನೆಮ್ಮದಿ ಅದು. ಇನ್ನೆರಡು ವರ್ಷಕ್ಕೆ ಅದು ಗೋವೆಯ ಕದಂಬರ ಹೆಸರನ್ನೂ ಹೇಳೀತು, ಆಗ ನನ್ನ ಮಾತಿಗೇನು ಉಳಿಯುತ್ತದೆ ಎಂಬ ಅಳುಕೂ ಜತೆಗಿತ್ತು.

ಗುಡಿಯ ಕಟ್ಟೆಯ ಮೇಲೆ ಹೂ ಕಟ್ಟುತ್ತ ಒಬ್ಬ ಆಯಿ ಕೂತಿದ್ದರು. ಚಷ್ಮಾದ ಅಂಚಿನಲ್ಲಿ ಬಿಳಿ ದೀಪ ಮಿಣುಕಿದ್ದನ್ನು ನೋಡಿ ಹುಡುಗನನ್ನು ಕರೆದು ಕೇಳಿದರು: "ತಮ್ಮಾ, ಅದರಾಗ ನಾ ಹೆಂಗ ಕಾಣಸ್ತೀನೋ?"

"ಇದ್ದಂಗ ಕಾಣಸ್ತೀರಿ ಆಯಿ."

"ಮತ್ತ ಅಷ್ಟ ರೊಕ್ಕಾ ಕಶಾಲಾ ಕೊಟ್ಟಿಯೋ?"

ಈ ಪ್ರಶ್ನೆಗೆ ಕ್ಯಾಲಿಫೋರ್ನಿಯಾದಲ್ಲಿ ಹದಿನೈದು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಆಯಿಯ ವಾಕ್ಯದಲ್ಲಿ 'ಕಶಾಲಾ' ಎಂಬ ಮರಾಠಿ ಪದ ಕನ್ನಡದ ನಡುವೆ ಯಾರ ಅಪ್ಪಣೆಯೂ ಇಲ್ಲದೆ ಬಂದು ಕೂತಿದೆ. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ಕಡೆ ಇದಕ್ಕೆ ಚಷ್ಮಾ ಎನ್ನುತ್ತಾರೆ. ಹತ್ತಿರದ್ದನ್ನು ಓದಲು ಹಾಕುವುದು ಚಾಳೀಸು, ನಲವತ್ತಕ್ಕೆ ಬರುವುದರಿಂದ ಆ ಹೆಸರು. ಕನ್ನಡಕ ಎಂಬುದು ಪುಸ್ತಕದ ಮಾತು. ಚಾಳೀಸಿನ ಕೆಲಸ ಸರಳ: ಎದುರಿಗಿದ್ದ ಅಕ್ಷರವನ್ನು ಅದು ಇದ್ದ ಹಾಗೆ ಕಣ್ಣಿಗೆ ಮುಟ್ಟಿಸುತ್ತದೆ, ತಾನು ಏನೂ ಸೇರಿಸುವುದಿಲ್ಲ. ಈಗ ಬರುತ್ತಿರುವುದು ಸೇರಿಸುವ ಚಷ್ಮಾ. ಪತ್ರಿಕೆಗಳು ಇದನ್ನು ವರ್ಧಿತ ವಾಸ್ತವ ಎಂದು ಕರೆಯುತ್ತಿವೆ. ಆ ಅನುವಾದದ ಬಗ್ಗೆ ನನಗೆ ತಕರಾರಿದೆ. ಇಲ್ಲಿ ವಾಸ್ತವ ಎಳ್ಳಷ್ಟೂ ಬೆಳೆಯುವುದಿಲ್ಲ, ಬೆಳೆಯುವುದು ಅದರ ಮೇಲಿನ ಟಿಪ್ಪಣಿ.

ಇದರ ಚರಿತ್ರೆ ನಾವು ಅಂದುಕೊಂಡದ್ದಕ್ಕಿಂತ ಹಳೆಯದು. 1968ರಲ್ಲೇ ಐವಾನ್ ಸದರ್ಲೆಂಡ್ ಅಮೆರಿಕದಲ್ಲಿ ತಲೆಗೆ ಕಟ್ಟುವ ಪರದೆಯೊಂದನ್ನು ಮಾಡಿದ್ದ. ಭಾರ ಎಷ್ಟಿತ್ತೆಂದರೆ ಅದನ್ನು ಛಾವಣಿಗೆ ತೂಗುಹಾಕಬೇಕಿತ್ತು. 'ಅಗ್ಮೆಂಟೆಡ್ ರಿಯಾಲಿಟಿ' ಎಂಬ ಹೆಸರು 1990ರ ಸುಮಾರಿಗೆ ಬೋಯಿಂಗ್ ವಿಮಾನ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಝೆಲ್ ಅವರ ಕೆಲಸದಿಂದ ಹುಟ್ಟಿತು. ವಿಮಾನದೊಳಗಿನ ತಂತಿಗಳ ಕಂತೆಯಲ್ಲಿ ಯಾವ ತಂತಿ ಎಲ್ಲಿಗೆ ಹೋಗಬೇಕೆಂಬುದು ಕೆಲಸಗಾರನ ಕಣ್ಣೆದುರೇ ಮೂಡಿದರೆ ಆತ ಪದೇಪದೇ ನಕ್ಷೆಯತ್ತ ತಿರುಗಬೇಕಿಲ್ಲ, ಇಷ್ಟೇ ಉದ್ದೇಶ. ಎರಡೂ ಕೈಗೆ ಕೆಲಸವಿರುವವನಿಗೆ ಇದು ಬೇಕಾದ ವಸ್ತು. ವಿಮಾನದ ಬಿಡಿಭಾಗ ತಯಾರಾಗುವ ನಮ್ಮ ಹತ್ತರಗಿಯಲ್ಲಿ, ಎರಕದ ಕಾರ್ಖಾನೆಗಳ ಉದ್ಯಮಬಾಗಿನಲ್ಲಿ ಇಂಥದ್ದೊಂದು ನಾಳೆ ಬಂದರೆ ಯಾರೂ ಬೇಡ ಅನ್ನಲಿಕ್ಕಿಲ್ಲ.

ತೊಡಕು ಶುರುವಾದದ್ದು ಇದನ್ನು ಕಾರ್ಖಾನೆಯಿಂದ ಬೀದಿಗೆ ತಂದಾಗ. 2012ರಲ್ಲಿ ಗೂಗಲ್ ತನ್ನ ಗ್ಲಾಸ್ ತೋರಿಸಿತು. ಮರುವರ್ಷ ಆಯ್ದ ಕೆಲವರಿಗೆ 1500 ಡಾಲರಿಗೆ ಮಾರಿತು. ಹಾಕಿಕೊಂಡವರನ್ನು ಜನ ಹೋಟೆಲುಗಳಿಂದ ಹೊರಗೆ ಕಳಿಸಿದರು, ಅವರಿಗೊಂದು ಬೈಗುಳವನ್ನೂ ಹುಟ್ಟಿಸಿದರು. 2015ರ ಜನವರಿಯಲ್ಲಿ ಬೀದಿಯ ಮಾರಾಟ ನಿಂತಿತು. ಅದೇ ವಸ್ತು ಕಾರ್ಖಾನೆಗೆ ಮರಳಿ ಹೋಗಿ 2023ರವರೆಗೆ ಬದುಕಿತು. ಮೈಕ್ರೋಸಾಫ್ಟಿನ ಹೋಲೋಲೆನ್ಸ್, ಮ್ಯಾಜಿಕ್ ಲೀಪ್ ಇವುಗಳ ಕತೆಯೂ ಹೆಚ್ಚುಕಡಿಮೆ ಹೀಗೆಯೇ, ವಿವರಿಸುತ್ತ ಕೂರುವುದಿಲ್ಲ. ಆಮೇಲೆ ಫೇಸ್‌ಬುಕ್ಕಿನ ಒಡೆಯರಾದ ಮೆಟಾದವರು ಜಾಣತನ ಮಾಡಿದರು. ಪರದೆಯ ಗೊಡವೆ ಬಿಟ್ಟು, ಜನರಿಗೆ ಪರಿಚಯವಿದ್ದ ರೇ-ಬ್ಯಾನ್ ಚೌಕಟ್ಟಿನೊಳಗೆ ಕ್ಯಾಮೆರಾ ಮತ್ತು ಸ್ಪೀಕರು ಮಾತ್ರ ಅಡಗಿಸಿದರು. ಅದು 2025ರ ಮೇ ತಿಂಗಳಲ್ಲಿ ಭಾರತಕ್ಕೂ ಬಂತು, ಬೆಲೆ 29,900 ರೂಪಾಯಿಯಿಂದ ಆರಂಭ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಲಗಣ್ಣಿನ ಗಾಜಿನಲ್ಲಿ ಪುಟ್ಟ ಪರದೆಯಿರುವುದನ್ನು ಅಮೆರಿಕದಲ್ಲಿ 799 ಡಾಲರಿಗೆ ಮಾರಾಟಕ್ಕಿಟ್ಟರು. ಎದುರಿಗಿದ್ದವರು ಆಡಿದ ಮಾತು ಅನುವಾದವಾಗಿ ಗಾಜಿನ ಮೇಲೆ ಬರಹವಾಗಿ ಮೂಡುತ್ತದೆ. ಮೊದಲಿಗೆ ಬಂದ ಭಾಷೆಗಳು ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್. ರಿಲಯನ್ಸಿನ ಜಿಯೋದವರು 2025ರ ಆಗಸ್ಟಿನಲ್ಲಿ ತಮ್ಮದೂ ಒಂದು ಬರುತ್ತದೆ, ಅದು ಭಾರತದ ಹಲವು ಭಾಷೆಗಳನ್ನು ಬಲ್ಲದು ಎಂದು ಘೋಷಿಸಿದರು.

ಹಾಗಾಗಿ ಕನ್ನಡ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ನಾನು ದೊಡ್ಡದು ಮಾಡುವುದಿಲ್ಲ, ಇವತ್ತಲ್ಲದಿದ್ದರೆ ನಾಳೆ ಬಂದೇ ಬರುತ್ತದೆ. ಬಂದ ಮೇಲೆ ಏನು ಮಾಡುತ್ತದೆ ಎಂಬುದನ್ನು ಕೇಳಬೇಕು. ಈ ಚಷ್ಮಾವನ್ನು ಎಲೆಕ್ಟ್ರಾನಿಕ್ ಸಾಮಾನೆಂದು ನೋಡುವ ಬದಲು ಟೀಕೆಯ ಒಂದು ಪ್ರಕಾರವೆಂದು ಓದಿದರೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅದರ ಗುಣದೋಷ ಬೇಗ ಹೊಳೆಯುತ್ತದೆ. ಟೀಕೆ ಎಂಬ ಮಾತನ್ನು ನಾನಿಲ್ಲಿ ಹಳೆಯ ಅರ್ಥದಲ್ಲಿ ಬಳಸುತ್ತಿದ್ದೇನೆ, ಬೈಯುವುದು ಎಂಬ ಅರ್ಥದಲ್ಲಲ್ಲ. ಮೂಲಕ್ಕೆ ಅಂಟಿಕೊಂಡು ಅರ್ಥ ಹೇಳುವ ಬರವಣಿಗೆಗೆ ನಮ್ಮಲ್ಲಿ ಟೀಕೆ, ಟೀಕು, ಟಿಪ್ಪಣಿ, ವ್ಯಾಖ್ಯಾನ ಎಂದು ಬೇಕಾದಷ್ಟು ಹೆಸರುಗಳಿವೆ. ಪ್ರಪಂಚವನ್ನು ಪಠ್ಯ ಎಂದುಕೊಂಡರೆ ಈ ಚಷ್ಮಾ ಅದರ ಟೀಕಾಕಾರ.

ಒಳ್ಳೆಯ ಟೀಕಾಕಾರ ಹೇಗಿರುತ್ತಾನೆ? ಗಮಕ ವಾಚನ ಕೇಳಿದವರು ನೆನಪಿಸಿಕೊಳ್ಳಲಿ. ವೇದಿಕೆಯ ಮೇಲೆ ಇಬ್ಬರು. ಗಮಕಿ ಕುಮಾರವ್ಯಾಸನ ಒಂದು ಷಟ್ಪದಿಯನ್ನು ರಾಗದಲ್ಲಿ ಓದುತ್ತಾರೆ. ಅವರು ಮುಗಿಸುವವರೆಗೆ ವ್ಯಾಖ್ಯಾನಕಾರರು ತುಟಿ ಬಿಚ್ಚುವುದಿಲ್ಲ. ಅರ್ಥವಾಗದ ಪದ್ಯ ಅರ್ಥವಾಗದೆಯೇ ಒಂದಿಷ್ಟು ಹೊತ್ತು ಸಭೆಯಲ್ಲಿ ನಿಂತಿರುತ್ತದೆ. ನಮ್ಮೊಳಗೆ ಒಂದು ಊಹೆ ಹುಟ್ಟಲು ಅಷ್ಟು ಹೊತ್ತು ಸಾಕು. ಆಮೇಲೆ ವ್ಯಾಖ್ಯಾನ ಬರುತ್ತದೆ. ಅದಕ್ಕೊಂದು ಮುಖವಿದೆ, ಹೆಸರಿದೆ. ಸಭೆಯಲ್ಲಿ ಕೂತ ಎಲ್ಲರಿಗೂ ಅದೇ ವ್ಯಾಖ್ಯಾನ ಕೇಳಿಸಿರುತ್ತದೆ. ಮುಗಿದ ಮೇಲೆ ಚಹಾದ ಹೊತ್ತಿಗೆ ಯಾರಾದರೊಬ್ಬರು ಹೋಗಿ, ಆ ಪದಕ್ಕೆ ನೀವು ಹೇಳಿದ ಅರ್ಥ ಕೂಡುವುದಿಲ್ಲರಿ ಎಂದು ಜಗಳ ತೆಗೆಯಬಹುದು. ಹಾಗೆ ತೆಗೆಯುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ, ಅವರಿಂದಲೇ ಸಭೆಗೆ ಜೀವ.

ಚಷ್ಮಾದ ಟೀಕೆ ಈ ಮೂರರಲ್ಲೂ ಸೋಲುತ್ತದೆ. ಅದು ಕಾಯುವುದಿಲ್ಲ, ಕಣ್ಣು ನೋಡಿ ಮುಗಿಸುವ ಮೊದಲೇ ಮಾತಾಡುತ್ತದೆ. ಅದಕ್ಕೆ ಕರ್ತೃವಿಲ್ಲ. ಹಲಸಿಯ ಕಲ್ಲನ್ನು ಅಲಂಕಾರದ ಕೆತ್ತನೆ ಎಂದವರು ಯಾರು, ಅವರನ್ನು ಎಲ್ಲಿ ಹುಡುಕಿ ಹಿಡಿಯುವುದು? ಇನ್ನು, ಪಕ್ಕದಲ್ಲಿ ನಿಂತವರಿಗೆ ಅದು ಕೇಳಿಸುವುದಿಲ್ಲ, ಕಾಣಿಸುವುದೂ ಇಲ್ಲ. ಮೊದಲೆರಡನ್ನು ಎಂಜಿನಿಯರುಗಳು ಒಂದಲ್ಲ ಒಂದು ದಿನ ಸರಿಪಡಿಸಿಯಾರು. ಮೂರನೆಯದು ದೋಷವೆಂದೇ ಅವರಿಗೆ ಅನ್ನಿಸಿಲ್ಲ, ಅದನ್ನೇ ಗುಣವೆಂದು ಜಾಹೀರಾತು ಮಾಡುತ್ತಾರೆ. ನಮ್ಮ ಬೆಳಗಾವಿಯಂಥ ಊರಿಗೆ ತಾಗುವುದು ಈ ಮೂರನೆಯದು.

ಬೆಳಗಾವಿಯನ್ನು ಓದಬೇಕಾದವರು ಖಡೇಬಜಾರಿನಲ್ಲೋ ಮಾರುತಿ ಗಲ್ಲಿಯಲ್ಲೋ ತಲೆಯೆತ್ತಿ ನಡೆಯಬೇಕು. ಕನ್ನಡ, ಮರಾಠಿ, ಇಂಗ್ಲಿಷು. ಯಾವುದು ಮೇಲೆ, ಯಾವುದು ಕೆಳಗೆ, ಯಾವುದರ ಅಕ್ಷರ ದಪ್ಪ, ಯಾವುದನ್ನು ಆಮೇಲೆ ಸಂದಿಯಲ್ಲಿ ತುರುಕಿದ್ದಾರೆ ಎಂಬುದರಲ್ಲಿ ಆ ಅಂಗಡಿಯ ವಯಸ್ಸು, ಅದರ ಮಾಲೀಕರ ಅಂಜಿಕೆ, ಹಟ, ಗಿರಾಕಿಗಳ ಗುರುತು ಎಲ್ಲ ಇರುತ್ತದೆ. ಇವೆಲ್ಲ ಬರೀ ಬೋರ್ಡುಗಳಲ್ಲ. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ ಎಂದಿತು. ನಿಪ್ಪಾಣಿ, ಖಾನಾಪುರ, ನಂದಗಡಗಳನ್ನೂ ಸೇರಿಸಿ 264 ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಹಾಗೇ ಉಳಿಯಿತು, 2004ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಬೆಳಗಾವಿಯಾಯಿತು. ಬೋರ್ಡಿನಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡವಿರಬೇಕೆಂಬ ಕಾನೂನು 2024ರಲ್ಲಿ ಬಂತು. ಇಷ್ಟೂ ಸಂಗತಿಗಳು ಪೇಂಟಿನ ಪದರಗಳಾಗಿ ಆ ಬೋರ್ಡುಗಳ ಮೇಲೆ ಕೂತಿವೆ.

ಈಗ ಇದನ್ನೊಂದು ಅನುವಾದದ ಚಷ್ಮಾ ಹಾಕಿಕೊಂಡು ನೋಡುವುದನ್ನು ಊಹಿಸಿ. ಊಹಿಸುವುದೇನು ಬಂತು, ಫೋನಿನ ಕ್ಯಾಮೆರಾ ಈ ಕೆಲಸವನ್ನು ಈಗಾಗಲೇ ಮಾಡುತ್ತಿದೆ, ಮರಾಠಿ ಬೋರ್ಡಿಗೆ ಹಿಡಿದರೆ ಅದೇ ಜಾಗದಲ್ಲಿ ಕನ್ನಡ ಅಕ್ಷರ ಕುಣಿದಾಡುತ್ತವೆ. ಚಷ್ಮಾ ಬಂದಮೇಲೆ ಫೋನು ಎತ್ತುವ ತೊಂದರೆಯೂ ತಪ್ಪುತ್ತದೆ. ನನಗೆ ಇಡೀ ಖಡೇಬಜಾರು ಕನ್ನಡದಲ್ಲಿ ಕಾಣುತ್ತದೆ, ನನ್ನ ಪಕ್ಕದಲ್ಲಿ ನಡೆಯುವ ಮರಾಠಿ ಗೆಳೆಯರಿಗೆ ಮರಾಠಿಯಲ್ಲಿ. ಇದನ್ನು ಕೇಳಿದ ನಮ್ಮ ವಿದ್ಯಾರ್ಥಿನಿಯೊಬ್ಬಳು, "ಹಂಗಾದ್ರ ಜಗಳಾನ ಮುಗೀತಲ್ರಿ ಸರ" ಎಂದಳು. ಮೊದಲು ಕೇಳಿದಾಗ ಇದು ಸರಿ ಅನ್ನಿಸುತ್ತದೆ. ನನಗೂ ಒಂದು ಇಡೀ ದಿನ ಸರಿ ಅನ್ನಿಸಿತ್ತು.

ಆದರೆ ಆ ಜಗಳ ಓದಲು ಬಾರದ್ದಕ್ಕೆ ಹುಟ್ಟಿದ್ದಲ್ಲ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರಲ್ಲಿ ಎಷ್ಟೋ ಜನ ಎರಡೂ ಲಿಪಿ ಓದಬಲ್ಲರು. ಬೋರ್ಡು ಓದಿಸಲಿಕ್ಕೆ ಮಾತ್ರ ಇರುವುದಾಗಿದ್ದರೆ ಒಂದು ಭಾಷೆ ಸಾಕಿತ್ತು. ಈ ಬೀದಿಯಲ್ಲಿ ನಾನೂ ಇದ್ದೇನೆ ಎಂದು ಹೇಳಲಿಕ್ಕೆ ಬೋರ್ಡು ಬೇಕು, ಮತ್ತು ಅದನ್ನು ಹೇಳಬೇಕಾದದ್ದು ನನ್ನ ಭಾಷೆ ಬಾರದವರಿಗೆ. ನನ್ನ ಅಕ್ಷರ ಅವರ ಕಣ್ಣಿಗೆ ಬೀಳಬೇಕು, ಅವರದು ನನ್ನ ಕಣ್ಣಿಗೆ. ಇಬ್ಬರ ಕಣ್ಣಿಗೂ ಇಷ್ಟವಾಗದ್ದು ಒಂದೇ ಗೋಡೆಯ ಮೇಲೆ ಅಕ್ಕಪಕ್ಕ ಇರುವುದಕ್ಕೆ ನಾವು ಊರು ಎನ್ನುತ್ತೇವೆ. ಅನುವಾದದ ಚಷ್ಮಾ ಈ ಇರುಸುಮುರುಸನ್ನು ನನಗೂ ತಿಳಿಯದಂತೆ ತೆಗೆದುಹಾಕುತ್ತದೆ. ಮರಾಠಿ ಬೋರ್ಡನ್ನು ನಾನು ದ್ವೇಷಿಸಬೇಕಿಲ್ಲ, ಸಹಿಸಬೇಕಿಲ್ಲ, ಕಲಿಯಬೇಕಿಲ್ಲ. ನನ್ನ ಮಟ್ಟಿಗೆ ಅದು ಇಲ್ಲವೇ ಇಲ್ಲ.

ಇದರ ಒಳಗಿನ ತಂತ್ರವೂ ಒಂದು ವ್ಯಂಗ್ಯವನ್ನು ಒದಗಿಸುತ್ತದೆ. ಚಷ್ಮಾದ ಕಡ್ಡಿಯೊಳಗೆ ಪುಟ್ಟ ಬೆಳಕಿನ ಯಂತ್ರ ಇರುತ್ತದೆ. ಅದು ಗಾಜಿನ ಅಂಚಿಗೆ ಬೆಳಕು ಹಾಯಿಸುತ್ತದೆ. ಬೆಳಕು ಗಾಜಿನ ಒಳಗೊಳಗೇ ಪ್ರತಿಫಲಿಸುತ್ತ ಸಾಗಿ, ಕಣ್ಣಿನೆದುರು ಬಂದಾಗ ಸಣ್ಣ ಗೀರುಗಳಿಂದ ಹೊರಬೀಳುತ್ತದೆ. ಹೊರಗಿನ ದೃಶ್ಯದ ಬೆಳಕಿಗೆ ಈ ಬೆಳಕು ಕೂಡಿಕೊಳ್ಳುತ್ತದೆ. ಕೂಡುವುದಷ್ಟೇ ಅದಕ್ಕೆ ಸಾಧ್ಯ, ಕಳೆಯಲು ಬರುವುದಿಲ್ಲ. ಆದ್ದರಿಂದ ಇಂಥ ಪಾರದರ್ಶಕ ಗಾಜು ತೋರಿಸಲಾಗದ ಬಣ್ಣ ಒಂದಿದೆ, ಅದು ಕಪ್ಪು. ಬೆಳಗಾವಿಯ ಬೋರ್ಡುಗಳ ಚರಿತ್ರೆ ಬಲ್ಲವರಿಗೆ ಕಪ್ಪು ಮಸಿಯ ಮಹಿಮೆ ಹೇಳಬೇಕಿಲ್ಲ. ಬೇಡವಾದ ಬೋರ್ಡಿಗೆ ಏಣಿ ಹಾಕಿ ಮಸಿ ಬಳಿದವರು ಎರಡೂ ಕಡೆ ಇದ್ದಾರೆ. ಮಸಿ ಬಳಿದದ್ದು ತಪ್ಪೇ. ಆದರೂ ಬಳಿದ ಬೋರ್ಡು ಅಲ್ಲೇ ನಿಂತು, ಇಲ್ಲೊಂದು ಅಕ್ಷರವಿತ್ತು, ಯಾರೋ ಅದನ್ನು ಅಳಿಸಿದ್ದಾರೆ ಎಂದು ಹಾದುಹೋಗುವ ಎಲ್ಲರಿಗೂ ಸಾಕ್ಷಿ ಹೇಳುತ್ತಿರುತ್ತದೆ. ಬೆಳಕಿನಿಂದ ಮುಚ್ಚಿದ್ದಕ್ಕೆ ಯಾವ ಸಾಕ್ಷಿಯೂ ಇಲ್ಲ. ಆಪಲ್ ಕಂಪನಿಯವರು 2024ರಲ್ಲಿ 3499 ಡಾಲರಿಗೆ ತಂದ ವಿಷನ್ ಪ್ರೋ ಎಂಬ ಮುಖವಾಡದಂಥ ಯಂತ್ರದಲ್ಲಿ ಕಪ್ಪೂ ಸಾಧ್ಯ. ಯಾಕೆಂದರೆ ಅದರಲ್ಲಿ ಗಾಜಿನ ಆಚೆಯ ಪ್ರಪಂಚ ನಮಗೆ ನೇರವಾಗಿ ಕಾಣುವುದೇ ಇಲ್ಲ, ಕ್ಯಾಮೆರಾ ಹಿಡಿದ ಚಿತ್ರವನ್ನು ಒಳಗೆ ತೋರಿಸುತ್ತಾರೆ. ದುರ್ಯೋಧನ ಮಯಸಭೆಯಲ್ಲಿ ನೆಲವನ್ನು ನೀರೆಂದುಕೊಂಡು ಬಟ್ಟೆ ಎತ್ತಿಕೊಂಡ ಕತೆ ನಮಗೆ ಗೊತ್ತು. ಆದರೆ ಆ ಸಭೆ ಎಲ್ಲರ ಕಣ್ಣಿಗೂ ಒಂದೇ ಆಗಿತ್ತು. ಅದಕ್ಕೇ ಬೇರೆಯವರು ಅವನನ್ನು ನೋಡಿ ನಗಲು ಸಾಧ್ಯವಾಯಿತು.

ಬರೆದ ಅಕ್ಷರದ ಪಾಡು ಹೀಗಾದರೆ ಆಡುವ ಮಾತಿನದು ಇನ್ನೂ ನಾಜೂಕು. ಮರಾಠಿಯ ಪು. ಲ. ದೇಶಪಾಂಡೆ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಮಾಡಿದವರು. ಅವರ 'ರಾವಸಾಹೇಬ' ಎಂಬ ವ್ಯಕ್ತಿಚಿತ್ರ ಬೆಳಗಾವಿಯ ಒಬ್ಬ ರಸಿಕರ ಕುರಿತದ್ದು. ಅದರ ಸೊಗಸೆಲ್ಲ ಇರುವುದು ಆ ಮನುಷ್ಯನ ಮಾತಿನ ಧಾಟಿಯಲ್ಲಿ. ಮರಾಠಿಯೊಳಗೆ ಕನ್ನಡ ನುಗ್ಗುತ್ತದೆ, ಲಿಂಗ ವಿಭಕ್ತಿಗಳೆಲ್ಲ ಕಾಲು ಜಾರುತ್ತವೆ, ಆದರೆ ಮನುಷ್ಯ ಮಾತ್ರ ಎದ್ದು ನಿಲ್ಲುತ್ತಾನೆ. ಪುಣೆಯ ಓದುಗರು ಅದನ್ನು ನಗುತ್ತ ಓದುತ್ತಾರೆ. ನಾವು ಬೆಳಗಾವಿಯವರು ಓದುವಾಗ ನಗುವಿನ ಜತೆ, ಅರೆ ಇದು ನಮ್ಮ ಗಲ್ಲಿಯ ಕಾಕಾರ ಮಾತು ಎಂಬ ಗುರುತೂ ಬರುತ್ತದೆ. ಆ ರಾವಸಾಹೇಬರ ಮಾತನ್ನು ಗಾಜಿನ ಮೇಲೆ ಶುದ್ಧ ಕನ್ನಡದ ಬರಹವಾಗಿಯೋ ಶುದ್ಧ ಮರಾಠಿಯ ಬರಹವಾಗಿಯೋ ಮೂಡಿಸಿದರೆ ಏನು ಉಳಿದೀತು? ಅರ್ಥ ಉಳಿಯುತ್ತದೆ. ಹಲಸಿಯ ಆಯಿಯ ಪ್ರಶ್ನೆಯನ್ನೂ ಯಂತ್ರ ಸರಿಯಾಗಿಯೇ ಅನುವಾದಿಸೀತು: ಮತ್ತೆ ಅಷ್ಟು ಹಣ ಏಕೆ ಕೊಟ್ಟೆ? 'ಕಶಾಲಾ' ಹೋಗಿ 'ಏಕೆ' ಬರುತ್ತದೆ. ಅದರ ಜತೆಗೆ ಖಾನಾಪುರ ತಾಲೂಕೂ ಹೋಗುತ್ತದೆ. ಎರಡು ಭಾಷೆಯ ನಡುವಿನ ಗಡಿಯನ್ನು ದಾಟಿಸುತ್ತೇನೆ ಎನ್ನುವ ಯಂತ್ರಕ್ಕೆ ಗಡಿ ಎಲ್ಲಿದೆ ಎಂದು ಮೊದಲು ಗೊತ್ತಿರಬೇಕಾಗುತ್ತದೆ. ಆಯಿಯ ಬಾಯಲ್ಲಿ ಆ ಗಡಿಯೇ ಇಲ್ಲ. ಆಯೋಗಗಳಿಗೂ ಇದೇ ಕಷ್ಟವಾಗಿತ್ತು.

ಇಷ್ಟು ಬೈದ ಮೇಲೆ ಇನ್ನೊಂದು ಮಗ್ಗುಲನ್ನು ಹೇಳದಿದ್ದರೆ ಅನ್ಯಾಯವಾದೀತು. ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್‌ನವರು ರೂಪಿಸಿದ ಸ್ಮಾರ್ಟ್ ವಿಷನ್ ಗ್ಲಾಸಸ್ ಎಂಬುದಿದೆ. ಕಣ್ಣು ಕಾಣದವರಿಗಾಗಿಯೇ ಮಾಡಿದ್ದು. ಪರದೆಯ ಸೋಗು ಅದಕ್ಕಿಲ್ಲ. ಎದುರಿನ ಬರಹವನ್ನು ಭಾರತದ ಭಾಷೆಗಳಲ್ಲೂ ಓದಿ ಹೇಳುತ್ತದೆ, ಅಡ್ಡ ಬಂದದ್ದನ್ನು ಎಚ್ಚರಿಸುತ್ತದೆ. ಅದನ್ನು ಹಾಕಿಕೊಂಡವರೆದುರು ಗಮಕ, ವ್ಯಾಖ್ಯಾನ ಎಂದು ನಾನು ಮಾತಾಡಿದರೆ ನನ್ನ ಮುಖಕ್ಕೆ ನಗಬೇಕು. ಅಲ್ಲಿ ಚಷ್ಮಾ ಊರನ್ನು ಮುಚ್ಚುವುದಿಲ್ಲ, ಅವರನ್ನು ಊರಿನೊಳಗೆ ಕರಕೊಂಡು ಬರುತ್ತದೆ. ಬೋರ್ಡಿನಲ್ಲಿದ್ದದ್ದನ್ನು ಇದ್ದ ಹಾಗೆ ಓದುವುದು ಹಳೆಯ ಚಾಳೀಸಿನ ಕೆಲಸವೇ, ದಾರಿ ಮಾತ್ರ ಕಿವಿಯದು.

ಇನ್ನೊಂದು ಕಡೆಯೂ ನನಗೆ ಈ ಬೆಳಕಿನ ಟೀಕೆ ಬೇಕು ಅನ್ನಿಸುತ್ತದೆ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ಎಲ್ಲರೂ ನೋಡಿರುತ್ತಾರೆ. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರ ಸುಮಾರಿಗೆ ಕಟ್ಟಿಸಿದ್ದು. ಛಾವಣಿಯಿಂದ ಇಳಿಬಿಟ್ಟ ಕಲ್ಲಿನ ಕಮಲವನ್ನು ಕತ್ತು ನೋಯುವಷ್ಟು ನೋಡಿ ಹೊರಗೆ ಬರುತ್ತೇವೆ. ಆದರೆ ಆ ಕಾಲದ ಎರಡು ಶಾಸನಗಳು ಅಲ್ಲಿಲ್ಲ, ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬಸದಿಗೆ ಕೊಟ್ಟ ದತ್ತಿಗಳ ವಿವರವಿರುವ ಅವುಗಳನ್ನು ಲಯೊನೆಲ್ ಬಾರ್ನೆಟ್ ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ. ಬೆಳಗಾವಿಯ ಹುಡುಗರಿಗೆ ಬೆಳಗಾವಿಯ ಶಾಸನ ನೋಡಬೇಕೆಂದರೆ ವೀಸಾ ಬೇಕು. ಬಸದಿಯ ಅಂಗಳದಲ್ಲಿ ಆ ಕಲ್ಲುಗಳನ್ನು ಬೆಳಕಿನಲ್ಲಿ ನಿಲ್ಲಿಸಿ, ಒಂದೊಂದು ಸಾಲನ್ನೂ ಹತ್ತಿರದಿಂದ ತೋರಿಸುವ ಚಷ್ಮಾ ಬಂದರೆ ನಾನೇ ಮೊದಲು ಸಾಲಿನಲ್ಲಿ ನಿಲ್ಲುತ್ತೇನೆ. ಇಲ್ಲಿ ಮುಚ್ಚುವಂಥದ್ದು ಏನೂ ಉಳಿದಿಲ್ಲ, ಆದ್ದರಿಂದ ಸೇರಿಸಿದರೆ ಲಾಭವೇ. ಒಂದು ಷರತ್ತಿದೆ: ಅಕ್ಷರವನ್ನು ಮೊದಲು ಹಳಗನ್ನಡದಲ್ಲೇ ತೋರಿಸಬೇಕು, ಅರ್ಥ ಆಮೇಲೆ ಬರಲಿ. ಮತ್ತು ಕಲ್ಲು ಮರಳಿ ಬಂದೇಬಿಟ್ಟಿತು ಎಂಬ ಭ್ರಮೆ ಹುಟ್ಟಿ, ನಿಜವಾದದ್ದನ್ನು ಕೇಳುವವರೇ ಇಲ್ಲದಂತಾಗಬಾರದು. ಅದು ಆಗಲಾರದು ಎಂದು ಹೇಳುವ ಧೈರ್ಯ ನನಗಿಲ್ಲ.

ಒಬ್ಬರಿಗೆ ಮಾತ್ರ ಕಾಣುವುದು ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಎತ್ತು ಕಳುವಾದರೆ ಅಂಜನ ಹಾಕಿಸುತ್ತಿದ್ದರು. ವೀಳ್ಯದೆಲೆಗೆ ಕಪ್ಪು ಅಂಜನ ಸವರಿ, ಒಂದು ಮಗುವನ್ನು ಕೂರಿಸಿ, ಅದರೊಳಗೆ ನೋಡು ಎನ್ನುತ್ತಿದ್ದರು. ಅದು ನಿಜವೆಂದು ನಾನು ಹೇಳುತ್ತಿಲ್ಲ. ಅದೆಷ್ಟು ನಿರಪರಾಧಿಗಳ ಬೆನ್ನು ಮುರಿದಿದೆಯೋ ದೇವರೇ ಬಲ್ಲ. ಆದರೆ ಆ ಕ್ರಿಯೆಯ ಏರ್ಪಾಡನ್ನು ಗಮನಿಸಿ. ಎಲೆಯಲ್ಲಿ ಕಾಣುವುದು ಒಂದು ಮಗುವಿಗೆ ಮಾತ್ರ. ಸುತ್ತ ಇಡೀ ಓಣಿ ನಿಂತಿರುತ್ತದೆ. ಏನ್ ಕಾಣಸ್ತೈತಿ, ಹೇಳು, ಎಂದು ಹಿರಿಯರು ಕೇಳುತ್ತಲೇ ಇರುತ್ತಾರೆ. ಮಗು ಹೇಳಬೇಕು. ಹೇಳಿದ್ದನ್ನು ಒಬ್ಬರು ನಂಬುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತಾರೆ. ನೋಟ ಒಬ್ಬರದಾದರೂ ಮಾತು ಎಲ್ಲರದು. ನಮ್ಮ ಮೂಢನಂಬಿಕೆಯಲ್ಲಿದ್ದ ಈ ಒಂದು ವಿವೇಕ ಕ್ಯಾಲಿಫೋರ್ನಿಯಾದವರ ವಿಜ್ಞಾನದಲ್ಲಿ ನನಗೆ ಕಾಣುತ್ತಿಲ್ಲ. ಹಾಕಿಕೊಂಡವರಿಗೆ ಏನು ಕಾಣುತ್ತಿದೆ ಎಂದು ಕೇಳುವ ಹಕ್ಕು ಪಕ್ಕದವರಿಗಿಲ್ಲ. ಅವರಿಗಿರುವುದು ಚೌಕಟ್ಟಿನ ಮೂಲೆಯಲ್ಲಿ ಮಿಣುಕುವ ಒಂದು ಬಿಳಿ ದೀಪ ಮಾತ್ರ. 2023ರ ನಮ್ಮ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ, ಮನುಷ್ಯ ತನ್ನ ಸ್ವಂತಕ್ಕೋ ಮನೆಯ ಬಳಕೆಗೋ ಮಾಡಿಕೊಂಡದ್ದು ತನಗೆ ಸಂಬಂಧಿಸಿದ್ದಲ್ಲ ಎಂದು ಪಕ್ಕಕ್ಕೆ ಸರಿಯುತ್ತದೆ. ಆ ದೀಪ ಕಂಡೇ ಹಲಸಿಯ ಆಯಿ ಅಂಜನದ ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದು. ನಿನಗೇನು ಕಾಣುತ್ತದೆ ಎನ್ನಲಿಲ್ಲ, ಅದರೊಳಗೆ ನಾನು ಹೇಗೆ ಕಾಣುತ್ತೇನೆ ಎಂದರು. ಈ ಯಂತ್ರದ ಬಗ್ಗೆ ನಾನು ಓದಿದ ಯಾವ ಲೇಖನದಲ್ಲೂ ಇಷ್ಟು ನೇರವಾದ ವಿಮರ್ಶೆ ಸಿಕ್ಕಿಲ್ಲ.

ಅವತ್ತು ಮಧ್ಯಾಹ್ನ ಚಷ್ಮಾದ ಬ್ಯಾಟರಿ ತೀರಿತು. ಹುಡುಗ ಅದನ್ನು ಡಬ್ಬಿಯಲ್ಲಿಟ್ಟು ಶಾಸನದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಇನ್ನಿಬ್ಬರು ಬಂದು ಪಕ್ಕದಲ್ಲಿ ಕೂತರು. ಬೆರಳಿನಿಂದ ಸವರುತ್ತ ಒಂದು ಅಕ್ಷರಕ್ಕೆ ಒಬ್ಬ ಒಂದು ಅಂದ, ಇನ್ನೊಬ್ಬಳು ಅಲ್ಲ ಅಂದಳು. ನನ್ನನ್ನು ಕರೆದರು. ನನಗೂ ಗೊತ್ತಾಗಲಿಲ್ಲ. ಆಯಿ ಹೂವಿನ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಬಂದು ನಮ್ಮ ಹಿಂದೆ ನಿಂತು ಬಗ್ಗಿ ನೋಡಿದರು. ಹಲಸಿಯ ಆ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ, ನರಸಿಂಹ ಒಂದು ತುದಿಗೆ, ಭೂವರಾಹ ಇನ್ನೊಂದು ತುದಿಗೆ. ಆಯಿ ಮೊದಲು ಅಲ್ಲಿ ಹೂ ಏರಿಸಿ, ತಿರುಗಿ ಮಂಟಪ ದಾಟಿ ಇಲ್ಲಿ ಏರಿಸಿದರು. ನಾವು ಬಸ್ಸು ಬರುವವರೆಗೂ ಆ ಒಂದು ಅಕ್ಷರದ ಮೇಲೇ ಇದ್ದೆವು.